ಹೆಸರಿಲ್ಲದ ಹುಳಿ

ಸಿಂದಗಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಮಾವಿನ ಗಿಡವಿದೆ. ಎರಡಾಳು ಎತ್ತರ ದಾಟಿ ಬಚ್ಚಲ ಮಾಳಿಗೆಯ ಮೇಲೆ ಕೈ ಚಾಚಿ ನಿಂತಿದ್ದರೂ ಅದು ಗಿಡವೇ. ನಮ್ಮ ಕಡೆ ಬೇವೂ ಗಿಡ, ಆಲವೂ ಗಿಡ. ಮರ ಅನ್ನುವುದು ಪುಸ್ತಕದಲ್ಲಿ. ಆಪೂಸ ಎಂದು ತಂದು ಹಚ್ಚಿದ್ದು. ಎಂಟು ವರ್ಷ ಕಾದ ಮೇಲೆ ಬಿಟ್ಟ ನಾಲ್ಕು ಕಾಯಿಗಳನ್ನು ಅವ್ವ ಹುಲ್ಲಿನಲ್ಲಿ ಅಡಿ ಹಾಕಿದಳು. ಮುಂಜಾನೆ ಸಂಜೆ ಮೂಸಿ ನೋಡಿ, ವಾರದ ಮೇಲೆ ಒಂದನ್ನು ಕೊಯ್ದು, ಹೋಳನ್ನು ಬಾಯಿಗಿಟ್ಟುಕೊಂಡಳು. ಒಂದು ಕಣ್ಣು ತಾನಾಗಿ ಮುಚ್ಚಿತು.

‘ಇದಕ್ಕಿಂತ ಹುಣಸೀಹಣ್ಣು ಚಲೋ ಅದ.’

ಮೋಸ ಯಾರದೂ ಅಲ್ಲ, ಅಲಕ್ಷ್ಯ ನಮ್ಮದೇ. ಕಸಿ ಗಿಡವೆಂದರೆ ಎರಡು ಗಿಡ. ಕೆಳಗಿನದು ಯಾವುದೋ ಗೊರಟೆಯಿಂದ ಎದ್ದ ಸಸಿ. ಮೇಲಿನದು ಆಪೂಸಿನ ಟೊಂಗೆ. ತಂದ ಮರುವರ್ಷದ ಏಪ್ರಿಲ್‌ನಲ್ಲಿ ಮದುವೆ, ಜಾತ್ರೆ ಎಂದು ಹದಿನೈದು ದಿನ ಮನೆಗೆ ಬೀಗ ಬಿತ್ತು. ತಿರುಗಿ ಬಂದಾಗ ನಿಂತದ್ದು ಒಣ ಕಡ್ಡಿ. ಆಸೆ ಬಿಡದೆ ದಿನಾ ಒಂದು ಕೊಡ ನೀರು ಹಾಕಿದೆವು. ಮಿರಗದ ಮಳೆ ಬಿದ್ದ ಮೇಲೆ ಬುಡದಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ಗಿಡ ಉಳಿಯಿತೆಂದು ಮನೆಮಂದಿಯೆಲ್ಲ ಹಿಗ್ಗಿದೆವು. ಚಿಗುರು ಕಸಿಯ ಗಂಟಿನ ಮೇಲಿಂದ ಬಂತೋ ಕೆಳಗಿಂದ ಬಂತೋ ಎಂದು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಹೆಗಲ ಮೇಲೆ ಕೂತಿದ್ದ ಸಾಹುಕಾರ ಸತ್ತಿದ್ದ. ಬದುಕಿದ್ದು ಹೊತ್ತ ಆಳು.

ಆ ಆಳಿನ ಬಗ್ಗೆ ನನಗೆ ಈಗ ಹುಟ್ಟಿರುವ ಬೆರಗನ್ನು ಹೇಳುವುದಕ್ಕೆ ಮುಂಚೆ ನಮ್ಮ ಮಣ್ಣಿನ ಬಗ್ಗೆ ಎರಡು ಮಾತು. ಈ ಸೀಮೆಯಲ್ಲಿ ಮಾವು ಮನೆಗೆ ಬಂದ ಬೀಗರಿದ್ದ ಹಾಗೆ. ನಮ್ಮದು ಜೋಳದ ನೆಲ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರನ್ನು ಕೇಳಿದರೆ ತಮ್ಮ ಡೋಣಿ ಹೊಳೆಯ ಹೆಸರೆತ್ತಿ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ. ಇಂಡಿಯವರನ್ನು ಕೇಳಿದರೆ ಲಿಂಬೆಯ ಮಾತೆತ್ತುತ್ತಾರೆ. ಮಾವಿನ ಹೆಸರು ಯಾರ ಬಾಯಲ್ಲೂ ಮೊದಲು ಬರುವುದಿಲ್ಲ. ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದೂ ಬಂದರೆ. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಬಿರಿಯುವಾಗ ಎಳೆಯ ಬೇರುಗಳನ್ನು ಹರಿದು ಹಾಕುತ್ತದೆ. ಜೋಳಕ್ಕೆ ಇದರಿಂದ ತೊಂದರೆ ಇಲ್ಲ. ಬಿರುಕು ದೊಡ್ಡದಾಗುವ ಹೊತ್ತಿಗೆ ಅದು ತೆನೆ ಕೊಟ್ಟು ಕಣಕ್ಕೆ ಹೋಗಿರುತ್ತದೆ. ಮಾವು ಎಲ್ಲಿಗೆ ಹೋಗಬೇಕು?

ಅದಕ್ಕೇ ಮುದ್ದೇಬಿಹಾಳದ ಕಾಕಾ ಗಿಡ ಹಚ್ಚುವ ದಿನ ತಾನೇ ಬಂದು ನಿಂತಿದ್ದ. ಮೂರು ಫೂಟು ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಕುಣಿ ತೆಗೆಸಿದ. ಬಂದ ಎರಿಯನ್ನೆಲ್ಲ ಆಚೆ ಹಾಕಿಸಿ, ಟ್ರ್ಯಾಕ್ಟರಿನಲ್ಲಿ ತಂದ ಮಸಾರಿ ಮಣ್ಣು, ತಿಪ್ಪಿ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಕಲೆಸಿ ತುಂಬಿಸಿದ. ‘ಎರಿಯೊಳಗ ಒಂದು ಕುಣಿ ಮಸಾರಿ ಅಂದ್ರ, ಗಂಡನ ಊರಾಗ ತವರಮನಿ ಕಟ್ಟಿಕೊಟ್ಟಂಗ ನೋಡು ತಮ್ಮಾ’ ಅಂದ. ಮಾತು ಚೆಂದವಾಗಿತ್ತು. ಆದರೆ ಆ ತವರು ಮೂರು ಫೂಟಿನದು. ನಾಲ್ಕೈದು ವರ್ಷಕ್ಕೆ ಬೇರು ಗೋಡೆ ದಾಟಿ ಎರಿಗೆ ಇಳಿಯಲೇಬೇಕು. ಅಷ್ಟರೊಳಗೆ ಗಟ್ಟಿಯಾಗಿದ್ದರೆ ಬದುಕಿತು.

ನಮ್ಮದನ್ನು ಬದುಕಿಸಿದ್ದು ಬಚ್ಚಲ ನೀರು. ಈ ಊರುಗಳಲ್ಲಿ ಮನೆಯಂಗಳದ ಯಾವ ಮಾವನ್ನೇ ನೋಡಿ, ಬಚ್ಚಲ ಮೋರಿಗೆ ಎದುರಾಗಿ ನಿಂತಿರುತ್ತದೆ. ಮನೆಯವರು ಜಳಕ ಮಾಡಿದಷ್ಟು, ಪಾತ್ರೆ ತಿಕ್ಕಿದಷ್ಟು ಅದಕ್ಕೆ ಬಾಳು. ಆ ನೀರೂ ಬುಡಕ್ಕೇ ನಿಲ್ಲಬಾರದು, ಒಂದೆರಡು ಫೂಟು ದೂರದ ಪಾತಿಯಲ್ಲಿ ಇಂಗಬೇಕು. ದೀಪಾವಳಿ ಮುಗಿದ ಮೇಲೆ ಕಾಲುವೆಗೆ ಹಂಚಿನ ತುಂಡೊಂದನ್ನು ಅಡ್ಡ ಇಟ್ಟು ನೀರನ್ನು ಕರಿಬೇವಿನ ಕಡೆ ತಿರುಗಿಸುತ್ತೇನೆ. ಆ ದಿನಗಳಲ್ಲೂ ದಿನಾ ನೀರು ಕುಡಿದರೆ ಮಾವು ಎಲೆಯನ್ನೇ ಬಿಡುತ್ತ ಕೂತುಬಿಡುತ್ತದೆ. ಒಂದೂವರೆ ಎರಡು ತಿಂಗಳು ಬಾಯಾರಿಸಿದರೆ ಸಂಕ್ರಾಂತಿಯ ಹೊತ್ತಿಗೆ ಹೂ. ಕಾಯಿ ಬಟಾಣಿಯಷ್ಟಾದಾಗ ಹಂಚು ತೆಗೆಯುತ್ತೇನೆ. ತಿಂಗಳುಗಟ್ಟಲೆ ಒಂದು ಗಿಡವನ್ನು ಬೇಕೆಂದೇ ಬಾಯಾರಿಸುವುದು ಸಾಕಿದವರಿಗೆ ಸುಲಭದ ಕೆಲಸವಲ್ಲ. ಅವ್ವ ನನ್ನ ಕಣ್ಣು ತಪ್ಪಿಸಿ ಒಂದೊಂದು ತಂಬಿಗೆ ಸುರಿಯುವುದನ್ನು ಕಂಡೂ ಕಾಣದಂತೆ ಇದ್ದೇನೆ.

ಇನ್ನು ಸತ್ತ ಆಪೂಸಿನ ಕಥೆ. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವೆಯನ್ನು ನಮ್ಮ ವಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡ. ಗೆದ್ದು, ಕೆಲವೇ ತಿಂಗಳಲ್ಲಿ ಕಳಕೊಂಡು, ನವೆಂಬರಿನಲ್ಲಿ ಮತ್ತೆ ಗೆದ್ದ. ಆಮೇಲೆ ಪೋರ್ತುಗೀಜರು ಅಲ್ಲಿ ಮಾವಿನ ಕಸಿಗೆ ಕೈ ಹಚ್ಚಿದರು. ಅವರ ಕಾಲದಲ್ಲಿ ಹೆಸರಾದ ಹಣ್ಣೊಂದಕ್ಕೆ ಆ ಅಫೊನ್ಸೊನ ಹೆಸರೇ ಅಂಟಿತು ಎನ್ನುತ್ತಾರೆ. ಅಲ್ಫಾನ್ಸೊ ಮರಾಠಿಯವರ ಬಾಯಲ್ಲಿ ಹಾಪೂಸ್, ನಮ್ಮ ಬಾಯಲ್ಲಿ ಆಪೂಸ. ವಿಜಾಪುರವನ್ನು ಸೋಲಿಸಿದವನ ಹೆಸರಿನ ಹಣ್ಣಿನಿಂದ ಇವತ್ತು ಇದೇ ಜಿಲ್ಲೆಯಲ್ಲಿ ಕಾರಹುಣ್ಣಿಮೆಗೆ ಸೀಕರಣಿ ಮಾಡಿ ಹೋಳಿಗೆಯ ಜೊತೆ ಬಡಿಸುತ್ತೇವೆ. ಆದಿಲಶಾಹಿ ಹೋಯಿತು, ಗೋವೆಯಿಂದ ಪೋರ್ತುಗೀಜರೂ 1961ರಲ್ಲಿ ಹೋದರು. ಸೀಕರಣಿ ಉಳಿದಿದೆ.

ನನ್ನನ್ನು ನಿದ್ದೆಗೆಡಿಸಿದ್ದು ಇತಿಹಾಸವಲ್ಲ. ಆಪೂಸಿನ ಗೊರಟೆ ನೆಟ್ಟರೆ ಆಪೂಸ ಬರುವುದಿಲ್ಲ, ಅದರ ಟೊಂಗೆಯನ್ನೇ ಕಸಿ ಕಟ್ಟಬೇಕು. ಆ ಗಿಡದ ಟೊಂಗೆ ಮತ್ತೊಂದಕ್ಕೆ, ಅದರದು ಮಗದೊಂದಕ್ಕೆ. ಹಾಗಾದರೆ ರತ್ನಾಗಿರಿಯ ತೋಟದಲ್ಲಿ, ಧಾರವಾಡದ ಬದುವಿನಲ್ಲಿ, ಬಾಗೇವಾಡಿಯ ಗೆಳೆಯನ ಅಂಗಳದಲ್ಲಿ ನಿಂತಿರುವುದೆಲ್ಲ ಒಂದೇ ಗಿಡ. ಎಂದೋ ಒಮ್ಮೆ ಹುಟ್ಟಿ, ಕೈಯಿಂದ ಕೈಗೆ ದಾಟುತ್ತ, ಬೇರು ಮಾತ್ರ ಬದಲಿಸುತ್ತ ಬಂದದ್ದು. ‘ನಿಮ್ಮ ಗಿಡಕ್ಕ ಎಷ್ಟು ವರ್ಷ?’ ಎಂದರೆ ಗೆಳೆಯ ಹನ್ನೆರಡು ಎನ್ನುತ್ತಾನೆ. ಅದು ಬೇರಿನ ವಯಸ್ಸು. ಮೇಲೆ ಹೂ ಬಿಡುವ ಜೀವಕ್ಕೆ ಶತಮಾನಗಳಾಗಿರಬೇಕು.

ನಮ್ಮ ಹಿತ್ತಲಿನ ಹುಳಿಯದು ಇದಕ್ಕೆ ತೀರ ತಿರುವುಮುರುವು. ಕರಾವಳಿಯ ಓಲೂರು, ಬಪ್ಪಕಾಯಿಯಂಥ ಮಾವುಗಳ ಒಂದೇ ಗೊರಟೆಯಿಂದ ಹಲವು ಮೊಳಕೆ ಏಳುತ್ತವೆ, ಅವುಗಳಲ್ಲಿ ಬಹುಪಾಲು ತಾಯಿಯ ಪಡಿಯಚ್ಚು. ಬಯಲುಸೀಮೆಯ ನಮ್ಮ ಮಾವುಗಳು ಸಾಮಾನ್ಯವಾಗಿ ಹಾಗಲ್ಲ. ಒಂದು ಗೊರಟೆ, ಒಂದು ಮೊಳಕೆ, ತಾಯಿಯದು ಅರ್ಧ, ತಂದೆಯದು ಅರ್ಧ. ಯಾವ ಊರ ಸಂತೆಯಲ್ಲಿ ಯಾರು ತಿಂದು ಎಸೆದ ಗೊರಟೆಯೋ ಬುಟ್ಟಿಗೆ ಬಿದ್ದು ನರ್ಸರಿ ಸೇರಿತ್ತು. ಅದರಿಂದ ಎದ್ದ ಗಿಡ ಜಗತ್ತಿನಲ್ಲಿ ಹಿಂದೆ ಇರಲಿಲ್ಲ, ಬೇರೆ ಎಲ್ಲೂ ಇಲ್ಲ. ಅದರ ಹುಳಿಯನ್ನು ಭೂಮಿಯ ಮೇಲೆ ಮೊಟ್ಟಮೊದಲು ಸವಿದ ಮನುಷ್ಯಳು ನಮ್ಮವ್ವ. ಸವಿದಳು ಎನ್ನುವ ಶಬ್ದಕ್ಕೆ ಅವಳ ಒಪ್ಪಿಗೆ ಇಲ್ಲ.

ಅದರ ತಂದೆ ಯಾರು? ಉತ್ತರ ನೊಣಕ್ಕೆ ಗೊತ್ತು. ಹೂ ಬಂದ ಜನವರಿಯ ಮುಂಜಾನೆ ಗಿಡದ ಕೆಳಗೆ ಹೋಗಿ ನಿಂತರೆ ಮೊದಲು ಕಿವಿಗೆ ಬೀಳುವುದು ಸಣ್ಣ ಗುಂಯ್ ಸದ್ದು. ಜೇನಿರಬೇಕೆಂದು ಎಷ್ಟೋ ವರ್ಷ ತಿಳಿದಿದ್ದೆ. ಸಮೀಪ ಕಣ್ಣಿಟ್ಟು ನೋಡಿದರೆ ಹೆಚ್ಚಿನವು ನೊಣ. ಅಡಿಗೆಮನೆಯಿಂದ ನಾವು ಟವೆಲ್ಲು ಬೀಸಿ ಓಡಿಸುವ ಅದೇ ನೊಣ, ಅದರ ಹಸಿರು ಮೈಯ ದಾಯಾದಿ. ಮಾವಿನ ಪರಾಗ ಹೊರುವ ಕೂಲಿಗಳಲ್ಲಿ ಇವು ಮುಖ್ಯ. ಆಸ್ಟ್ರೇಲಿಯಾದ ಕೆಲವು ಬೆಳೆಗಾರರು ಹೂ ಕಾಲದಲ್ಲಿ ನೊಣ ಕರೆಯಲೆಂದೇ ತೋಟದಲ್ಲಿ ಕೊಳೆತ ಮಾಂಸ ಇಡುತ್ತಾರಂತೆ. ಮಾಮರಕ್ಕೂ ಕೋಗಿಲೆಗೂ ಏನು ನಂಟೆಂದು ಅಲ್ಲಮ ಕೇಳಿದ್ದಾನೆ. ಕೇಳಿ ಎಂಟುನೂರು ವರ್ಷದ ಮೇಲಾಯಿತು, ನಾವು ಇನ್ನೂ ಆ ಬೆರಗಿನಲ್ಲಿದ್ದೇವೆ. ನನ್ನ ಹಿತ್ತಲಿನ ಮಟ್ಟಿಗೆ ಹೇಳುವುದಾದರೆ ಕೋಗಿಲೆಯದು ಬರೀ ಕೂಗು, ಸಂಸಾರವೆಲ್ಲ ನೊಣದ್ದು.

ಒಂದು ಗೊಂಚಲನ್ನು ಹಿಡಿದು ಎಣಿಸಲು ಕೂತಿದ್ದೆ. ಮುನ್ನೂರು ದಾಟಿದಾಗ ಕುತ್ತಿಗೆ ನೋವು ಬಂದು ಬಿಟ್ಟೆ. ಕೆಲವು ಗೊಂಚಲಲ್ಲಿ ಸಾವಿರಕ್ಕೂ ಹೆಚ್ಚಿರುತ್ತವೆ. ಅವುಗಳಲ್ಲಿ ಎಷ್ಟೋ ಬರೀ ಗಂಡು ಹೂ, ಕಾಯಿ ಕಟ್ಟುವ ಯೋಗವೇ ಅವಕ್ಕಿಲ್ಲ. ಉಳಿದವನ್ನು ಜಿಗಿಹುಳ ಹೀರುತ್ತದೆ, ಬೂದಿರೋಗ ಬಳಿಯುತ್ತದೆ, ಫೆಬ್ರುವರಿಯ ಗಾಳಿ ಉದುರಿಸುತ್ತದೆ. ಕೊನೆಗೆ ಗೊಂಚಲಿಗೆ ಒಂದು ಕಾಯಿ, ಬಹಳವಾದರೆ ಎರಡು, ಎಷ್ಟೋ ಗೊಂಚಲಿಗೆ ಅದೂ ಇಲ್ಲ. ಸಾವಿರಕ್ಕೆ ಒಂದು ಎಂಬ ಲೆಕ್ಕದಲ್ಲಿ ಬದುಕು ನಡೆಸುವವರು ನಮ್ಮಲ್ಲಿ ಮಳೆ ನಂಬಿದ ಒಕ್ಕಲಿಗರು ಬಿಟ್ಟರೆ ಈ ಗಿಡವೇ.

ಕಸಿ ಕಟ್ಟುವವನೊಬ್ಬ ಹೋದ ವರ್ಷ ಬಂದು ನೋಡಿ, ‘ತೆಲಿ ಕೊಯ್ದು ಒಗೀರಿ ಸರ್. ಹೊಸಾ ಚಿಗುರಿಗೆ ಆಪೂಸ ಕಟ್ಟಿಕೊಡ್ತೀನಿ, ಮೂರು ವರ್ಷದಾಗ ಹಣ್ಣು’ ಅಂದ. ಹೇಳಿದ್ದು ಸರಿಯೇ. ಬೆಳೆದ ಗಿಡದ ತಲೆ ಬದಲಿಸುವ ವಿದ್ಯೆ ಹಳೆಯದು. ಗರಗಸದ ಮಾತು ಕೇಳಿದ ಕೂಡಲೇ ಅವ್ವ ಒಳಗಿಂದ ಒಂದು ಭರಣಿ ತಂದು ಅವನ ಮುಂದಿಟ್ಟಳು. ಇದೇ ಗಿಡದ ಕಾಯಿಯದು, ಹದಿಮೂರು ತಿಂಗಳ ಹಿಂದಿನ ಉಪ್ಪಿನಕಾಯಿ. ಹೋಳು ಬೆರಳಿಗೆ ಇನ್ನೂ ಗಟ್ಟಿ, ಕಚ್ಚಿದರೆ ಸದ್ದು. ಅವನು ಎರಡು ಹೋಳು ತಿಂದು, ಮೂರನೆಯದಕ್ಕೆ ರೊಟ್ಟಿ ಕೇಳಿದ. ತಲೆ ಕೊಯ್ಯುವ ಮಾತು ಮತ್ತೆ ಬರಲಿಲ್ಲ.

ಇದನ್ನು ಮುದ್ದೇಬಿಹಾಳದ ಚಿಗವ್ವನಿಗೆ ಹೇಳಿದೆ. ಅವಳ ತವರು ಕೃಷ್ಣೆಯ ದಂಡೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಹಿನ್ನೀರು ಅವಳ ಊರ ಅಗಸಿಗೆ ಬರುವಷ್ಟರಲ್ಲಿ ಅವಳಿಗೆ ಮೊಮ್ಮಕ್ಕಳಾಗಿದ್ದರು. ಅದೇ ನೀರು ಈಗ ಮುಳವಾಡ ಏತ ನೀರಾವರಿಯಲ್ಲಿ ಹತ್ತಿ ಬಾಗೇವಾಡಿಯ ಹೊಲಗಳಿಗೆ ಬಂದಿದೆ, ಅದನ್ನು ಅವಳು ಬೇಡ ಅನ್ನುವವಳಲ್ಲ. ಅವಳ ಮಾತೆಲ್ಲ ತವರಿನ ಬಾವಿ ದಂಡೆಯ ಜವಾರಿ ಮಾವಿನ ಮೇಲೆ. ಅದರ ಹಣ್ಣು ಕೊಯ್ದು ತಿನ್ನುವುದಲ್ಲ, ಹಿಸುಕಿ ಚೀಪುವುದು, ವಾಸನೆ ಮರುದಿನವೂ ಕೈ ಬಿಡುತ್ತಿರಲಿಲ್ಲ. ಮನೆ, ಹೊಲ, ಗಿಡ ಎಲ್ಲದಕ್ಕೂ ಪರಿಹಾರ ಬಂತು.

ಒಂದು ಟೊಂಗೆಯಿಂದ ಇಡೀ ಗಿಡವನ್ನು ಬೇರೆ ಊರಿಗೆ ಒಯ್ಯಬಹುದು, ಅದೇ ಹಣ್ಣು, ಅದೇ ರುಚಿ ಎಂದು ನಾನು ಉತ್ಸಾಹದಲ್ಲಿ ಹೇಳುತ್ತ ಹೋದೆ. ಚಿಗವ್ವ ಶೇಂಗಾ ಸುಲಿಯುವುದು ನಿಲ್ಲಿಸಿದಳು.

‘ಅಂದ್ರ, ಒಂದು ಟೊಂಗಿ ಸೆರಗಿನ್ಯಾಗ ಕಟಗೊಂಡು ಬಂದಿದ್ರ ಸಾಕಿತ್ತೇನೋ?’

ಹೌದು ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಅವಳು ಸ್ವಲ್ಪ ಹೊತ್ತು ಕೂತಿದ್ದು ಮತ್ತೆ ಸುಲಿಯತೊಡಗಿದಳು.

ಈ ಆಷಾಢದಲ್ಲಿ ಇಂಡಿಯ ಅಕ್ಕನಿಂದ ಫೋನು ಬಂತು. ಅವರ ಲಿಂಬೆ ತೋಟದ ಬದಿಗೆ ಗೊರಟೆ ಬಿದ್ದು ಎದ್ದ ಮಾವಿನ ಸಸಿಗಳಿವೆಯಂತೆ, ಕಟ್ಟುವ ಹುಡುಗ ಸಿಕ್ಕಿದ್ದಾನಂತೆ. ‘ನಿಮ್ಮ ಹುಳಿ ಗಿಡದ ಟೊಂಗಿ ತಗೊಂಡು ಬಾ. ಆಪೂಸ ಪ್ಯಾಟ್ಯಾಗ ಸಿಗತದ, ಇದು ಎಲ್ಲಿ ಸಿಗಬೇಕು?’

ಹತ್ತು ದಿನ ಮುಂಚೆಯೇ ಬಲಿತ ಆರು ಟೊಂಗೆ ಆರಿಸಿ, ತೊಟ್ಟು ಉಳಿಸಿ ಎಲೆಗಳನ್ನು ಕತ್ತರಿಸಿಟ್ಟೆ. ದಿನ ಬಂದಾಗ ತೊಟ್ಟುಗಳು ಬೆರಳು ತಾಗಿದರೆ ಉದುರುತ್ತಿದ್ದವು, ತುದಿಯ ಮೊಗ್ಗು ಹಾಲು ತುಂಬಿದ ಜೋಳದ ಕಾಳಿನ ಹಾಗೆ ಉಬ್ಬಿತ್ತು. ಉಗುರಿನಿಂದ ಕೆರೆದು ನೋಡಿದೆ. ತೊಗಟೆಗೂ ಕಟ್ಟಿಗೆಗೂ ನಡುವೆ ನೂಲಿನಷ್ಟು ಹಸಿರು. ಅಲ್ಲಿಯ ಸಸಿಯ ಸೀಳಿನೊಳಗಿನ ಅಷ್ಟೇ ತೆಳುವಾದ ಹಸಿರಿಗೆ ಇದು ಮುಟ್ಟಬೇಕು. ಮುಟ್ಟಿದರೆ ಎರಡು ಮೂರು ವಾರದಲ್ಲಿ ತಾಮ್ರದ ಚಿಗುರು. ಕೊಯ್ದು, ಅವ್ವನ ಹಳೆಯ ಇಳಕಲ್ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಹಾಕಿ, ಇಂಡಿಯ ಬಸ್ಸು ಹತ್ತಿದೆ.

ತೊಡೆಯ ಮೇಲಿನ ಗಂಟಿನಿಂದ ನೀರು ಸೋರಿ ಪಕ್ಕದವರ ಧೋತರಕ್ಕೆ ತಾಗಿತು. ಟಿಕೆಟ್ ಹರಿಯುತ್ತ ಕಂಡಕ್ಟರ್ ಬಗ್ಗಿ ನೋಡಿದ.

‘ಏನ್ರೀ ಅದು?’

‘ಮಾವಿನ ಗಿಡಾ ರೀ.’

ಅವನು ಪೆನ್ಸಿಲ್ಲಿನಷ್ಟು ದಪ್ಪದ ಗೇಣುದ್ದ ಕಡ್ಡಿಗಳನ್ನು ನೋಡಿದ, ನನ್ನ ಮುಖ ನೋಡಿದ.

‘ಗಿಡಾ ಎಲ್ಲದ್ರೀ?’