ಪ್ರಾಯಶ್ಚಿತ್ತದ ಬೆಲೆ

ಪಾಪವನ್ನು ತೊಳೆಯಲೆಂದು ಕೈಕೊಂಡ ಕರ್ಮವೇ ಮತ್ತೊಂದು ಪಾಪವನ್ನು ಬೆಳೆಸುವುದಾದರೆ ಅದನ್ನು ಪ್ರಾಯಶ್ಚಿತ್ತವೆಂದು ಕರೆಯಬಹುದೆ? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಆಚಾರ ವ್ಯವಹಾರಗಳ ತರುವಾಯ ಪ್ರಾಯಶ್ಚಿತ್ತಾಧ್ಯಾಯವನ್ನು ಬಹು ವಿಸ್ತಾರವಾಗಿ ವಿವರಿಸಿದನು. ಅಂದು ಯಾರ ಎಣಿಕೆಗೂ ಬಾರದಿದ್ದ ಒಂದು ದೋಷ ಇಂದು ನಮ್ಮೆಲ್ಲರ ತಲೆಯ ಮೇಲಿದೆ. ಗುಂಡ್ಲುಪೇಟೆಯ ಮನೆಯಲ್ಲಿ ಸಂಜೆ ಹೊತ್ತುವ ದೀಪಕ್ಕೂ ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಿಗೂ ನಂಟುಂಟು. 1,720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಚಿಮಣಿಗಳಿಂದ ಹೊರಟ ಇಂಗಾಲದ ಡೈಆಕ್ಸೈಡು ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮೇಲಣ ಗಾಳಿಯಲ್ಲಿಯೂ ಬೆರೆತಿರುವುದು.

ಹೊಗೆಯಿಂದ ಈ ಅನಿಲವನ್ನು ಬೇರ್ಪಡಿಸುವ ವಿದ್ಯೆ ಹೊಸತಲ್ಲ. ಅಮೀನ್ ದ್ರಾವಣದ ವಿಧಾನಕ್ಕೆ ಅಮೆರಿಕದ ಬಾಟಮ್ಸ್ ಎಂಬಾತನು 1930ರಲ್ಲಿಯೇ ಪೇಟೆಂಟ್ ಪಡೆದನು. ಎಪ್ಪತ್ತು ಪಾಲು ನೀರಿಗೆ ಮೂವತ್ತು ಪಾಲು ಮೊನೊಎಥನಾಲಮೀನ್ ಬೆರೆಸಿ ಎತ್ತರವಾದ ಗೋಪುರದ ತುದಿಯಿಂದ ಇಳಿಬಿಟ್ಟು, ತಣಿಸಿದ ಹೊಗೆಯನ್ನು ಬುಡದಿಂದ ಏರಿಸಿದರೆ, ಸುಮಾರು 40 ಡಿಗ್ರಿ ಉಷ್ಣತೆಯಲ್ಲಿ ಅಮೀನು ಆ ಅನಿಲವನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಹಿಡಿಯುವುದು ಸುಲಭ, ಶ್ರಮವೆಲ್ಲ ಬಿಡಿಸುವುದರಲ್ಲಿ. ಇನ್ನೊಂದು ಗೋಪುರದಲ್ಲಿ ಹಬೆಯ ಶಾಖದಿಂದ 120 ಡಿಗ್ರಿಯವರೆಗೆ ಕಾಯಿಸಿದಲ್ಲದೆ ಆ ದ್ರಾವಣವು ಹಿಡಿದುದನ್ನು ಬಿಟ್ಟುಕೊಡದು. ಅದಕ್ಕೆ ತಗಲುವ ಶಾಖ ಟನ್ನೊಂದಕ್ಕೆ ಮೂರೂವರೆ ಗಿಗಾಜೌಲಿನ ಆಸುಪಾಸು. ಅದರಲ್ಲಿ ಒಂದಂಶ ಬಂಧವನ್ನು ಹರಿಯುವುದಕ್ಕೆ, ಒಂದಂಶ ಜತೆಗಿರುವ ನೀರನ್ನು ಕಾಯಿಸುವುದಕ್ಕೆ, ಮತ್ತೊಂದಂಶ ಆ ನೀರು ಆವಿಯಾಗುವುದಕ್ಕೆ ವ್ಯಯವಾಗುತ್ತದೆ. ಹಬೆಯಾದರೋ ಅದೇ ಕಲ್ಲಿದ್ದಲಿನಿಂದ ಹುಟ್ಟತಕ್ಕದ್ದು. ಹೀಗೆ ಸ್ಥಾವರದ ವಿದ್ಯುತ್ತಿನಲ್ಲಿ ಸುಮಾರು ಕಾಲು ಪಾಲು ನಷ್ಟವಾಗಿ, ಆ ಕೊರತೆಯನ್ನು ತುಂಬಲು ಮತ್ತಷ್ಟು ಗಣಿಯನ್ನು ಅಗೆದು ಮತ್ತಷ್ಟು ಬೂದಿಯನ್ನು ಗುಡ್ಡೆಹಾಕಬೇಕಾಗುತ್ತದೆ.

ಆದುದರಿಂದ ಈ ಶಾಖವನ್ನು ಇಳಿಸುವ ಪ್ರಯತ್ನವನ್ನು ನಾನು ಧರ್ಮಕಾರ್ಯವೆಂದೇ ಎಣಿಸುತ್ತೇನೆ. ಬಿಗಿಯಾಗಿ ಹಿಡಿಯುವ ಅಮೀನಿಗೆ ಬದಲು ಸಡಿಲವಾಗಿ ಹಿಡಿಯುವುದನ್ನು ಆರಿಸಿದರೆ ಬಿಡಿಸುವ ಶ್ರಮ ತಗ್ಗುತ್ತದೆ. ಆದರೆ ಅದು ಹಿಡಿಯುವುದೂ ನಿಧಾನ. ಈ ತೊಡಕನ್ನು ಕಳೆಯಲು ಮೀಥೈಲ್ ಡೈಎಥನಾಲಮೀನಿಗೆ ಚುರುಕಾದ ಪಿಪೆರಜೀನನ್ನು ಬೆರೆಸುತ್ತಾರೆ. ದ್ರಾವಣದಲ್ಲಿ ನೀರಿನ ಪಾಲನ್ನು ಕುಗ್ಗಿಸುತ್ತಾರೆ. ಬಿಸಿಯಾಗಿ ಮರಳುವ ದ್ರಾವಣದ ಶಾಖವನ್ನು ತಣ್ಣಗೆ ಬರುವುದಕ್ಕೆ ದಾಟಿಸುತ್ತಾರೆ. ಇಂಥ ಉಪಾಯಗಳಿಂದ ವೆಚ್ಚವು ಎರಡೂವರೆ ಗಿಗಾಜೌಲಿನ ಸಮೀಪಕ್ಕೆ ಇಳಿದಿದೆ. ಇಂಗಾಲವನ್ನು ಹಿಡಿದು ಬಳಸುವ ಸಂಶೋಧನೆಗಾಗಿ 2022ರಲ್ಲಿ ಭಾರತ ಸರಕಾರವು ಸ್ಥಾಪಿಸಿದ ಎರಡು ರಾಷ್ಟ್ರೀಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಬಂಡೀಪುರದ ತೇಗ, ಮತ್ತಿ, ದಿಂಡಿಗಗಳು ಬಿಸಿಲೊಂದರ ಬಲದಿಂದಲೇ ಇದೇ ಕೆಲಸವನ್ನು ಮಾಡುತ್ತಿರುವಾಗ ಈ ಗೋಪುರಗಳೇಕೆ ಎಂದು ಕೇಳಬಹುದು. ಕಾಡಿನ ಉಪಕಾರ ದೊಡ್ಡದು. ಅದರ ಭದ್ರತೆ ದೊಡ್ಡದಲ್ಲ. ಬೇಸಗೆಗೆ ಮುನ್ನ ಬೆಂಕಿರೇಖೆಗಳ ಹುಲ್ಲು ತರಗೆಲೆಗಳನ್ನು ಸವರಿ ಎಷ್ಟು ಕಾವಲಿದ್ದರೂ, 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಅರಣ್ಯ ಉರಿದು, ವರ್ಷಗಳ ಸಂಚಯ ಕೆಲವೇ ದಿನಗಳಲ್ಲಿ ಆಕಾಶದ ಪಾಲಾಯಿತು. ನಮ್ಮ ಋಣವನ್ನೆಲ್ಲ ಮರಗಳ ಮೇಲೆ ಹೊರಿಸಿ ನಿಶ್ಚಿಂತರಾಗುವುದು ನ್ಯಾಯವಲ್ಲ. ಇದೇ ಕಾಡಿನ ಅಂಚಿನ ಹಳ್ಳಿಗಳಲ್ಲಿ ಕೃಪಾಕರ-ಸೇನಾನಿಯವರ ‘ನಮ್ಮ ಸಂಘ’ವು ಸೌದೆಯ ಒಲೆಗೆ ಬದಲಾಗಿ ಅಡುಗೆ ಅನಿಲವನ್ನು ಮನೆಮನೆಗೆ ಮುಟ್ಟಿಸಿ, ಮರಕ್ಕೆ ಕೊಡಲಿ ಬೀಳುವುದನ್ನೇ ತಡೆಯಲೆತ್ನಿಸಿತು. ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದೆ ಇರುವುದು ಲೇಸೆಂಬ ಪಂಕಪ್ರಕ್ಷಾಲನನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೂ ತುಳಿದಾಗಿರುವ ಕೆಸರನ್ನು ತೊಳೆಯಲೇಬೇಕು. ಸಿಮೆಂಟು ಉಕ್ಕುಗಳ ಕುಲುಮೆಗಳು ನಾಳೆಯೇ ಆರುವುದಿಲ್ಲ. ಇಲ್ಲಿ ಯಾಜ್ಞವಲ್ಕ್ಯಸ್ಮೃತಿಯ ಒಂದು ವಿವೇಕ ನಮಗೆ ದಾರಿ ತೋರುತ್ತದೆ: ಅರಿಯದೆ ಮಾಡಿದ ಪಾಪವು ಪ್ರಾಯಶ್ಚಿತ್ತದಿಂದ ಕಳೆಯುತ್ತದೆ, ಅರಿತು ಮಾಡಿದವನಾದರೋ ಪ್ರಾಯಶ್ಚಿತ್ತದಿಂದ ಜನರೊಡನೆ ವ್ಯವಹರಿಸಲು ಯೋಗ್ಯನಾಗುವನೇ ಹೊರತು ಪಾಪದಿಂದ ಮುಕ್ತನಾಗುವುದಿಲ್ಲ. ಕಲ್ಲಿದ್ದಲಿನ ಪರಿಣಾಮವನ್ನು ತಿಳಿಯದಿದ್ದ ನಮ್ಮ ಅಜ್ಜಂದಿರು ಮೊದಲ ವರ್ಗಕ್ಕೆ ಸೇರಿದವರು, ನಾವು ಎರಡನೆಯದಕ್ಕೆ. ದ್ರಾವಣವನ್ನು ಕಾಯಿಸುವ ಬೆಂಕಿ ಎಷ್ಟು ತಗ್ಗಿದರೂ ಅದು ಹೊಸ ಚಿಮಣಿ ಕಟ್ಟಲು ಅಪ್ಪಣೆಯಾಗಲಾರದು. ತೊಳೆಯುವ ವೆಚ್ಚವನ್ನು ಇಳಿಸುವ ವಿಜ್ಞಾನಿಯೂ ತನ್ನ ಬಯಕೆಯನ್ನು ಇಳಿಸುವ ಗೃಹಸ್ಥನೂ ಒಂದೇ ವ್ರತವನ್ನು ಹಿಡಿದವರು; ಒಬ್ಬನು ತಪ್ಪಿದರೆ ಇನ್ನೊಬ್ಬನ ಶ್ರಮ ವ್ಯರ್ಥವಾಗುವುದು.