ಹಿಗ್ಗಿದ ಟೇಪು

ವಿಜಯನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. 27 ವರ್ಷದಿಂದ ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದೇನೆ. ಎದೆಸುತ್ತು ಅಳೆಯುವಾಗ ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಟೇಪು ತಾಕಿದ ಕೂಡಲೇ ಮೈ ಬಿಗಿ ಹಿಡಿಯುತ್ತಾರೆ. "ಸಹಜವಾಗಿ ಉಸಿರಾಡಿ ಅಕ್ಕ" ಎಂದು ಹೇಳಿ, ಸ್ವಲ್ಪ ಕಾದು, ಮತ್ತೆ ಅಳೆಯುತ್ತೇನೆ. ಮೊದಲು 36 ಬಂದದ್ದು ಈಗ 36 ಮುಕ್ಕಾಲು. ಈ ನಡುವೆ ಅವರ ಮೈಯೇನೂ ಬೆಳೆದಿರುವುದಿಲ್ಲ.

ನನಗೀಗ 53. ನನ್ನಕ್ಕ ಸ್ತನ ಕ್ಯಾನ್ಸರಿನಲ್ಲೇ ಹೋದವಳು. ಹೋದ ವರ್ಷ ರಾಜಾಜಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಮ್ಯಾಮೊಗ್ರಾಂ ಮಾಡಿಸಿದೆ. ಗಡ್ಡೆ ಇಲ್ಲ, ಸಾಂದ್ರತೆ 'ಸಿ' ಎಂದು ಬರೆದಿದ್ದರು. ಈ ವರ್ಷ ಮನೆಗೆ ಹತ್ತಿರವೆಂದು ಬಸವೇಶ್ವರನಗರದಲ್ಲಿ ಮಾಡಿಸಿದೆ. ಗಡ್ಡೆ ಇಲ್ಲ, ಸಾಂದ್ರತೆ 'ಬಿ'. ಎರಡು ಕಾಗದಗಳನ್ನೂ ಕಟಿಂಗ್ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಆ ದಿನ ಒಂದು ಬಟ್ಟೆಗೂ ಕತ್ತರಿ ಹಾಕಲಿಲ್ಲ. ಯಾವುದು ನಿಜ?

ತಂಗಿಯ ಮಗಳು ಮ್ಯಾಮೊಗ್ರಾಂ ಮಷೀನಿನಲ್ಲೇ ಕೆಲಸ ಮಾಡುತ್ತಾಳೆ. ಅವಳು ಬಿಡಿಸಿ ಹೇಳಿದಳು. ಕೊಬ್ಬಿನ ಭಾಗವನ್ನು ಎಕ್ಸ್-ರೇ ಸುಲಭವಾಗಿ ದಾಟುತ್ತದೆ, ಅದು ಕಪ್ಪಾಗಿ ಕಾಣುತ್ತದೆ. ಹಾಲಿನ ಗ್ರಂಥಿ, ನಾರಿನ ಭಾಗ ಬೆಳ್ಳಗೆ. ಗಡ್ಡೆಯೂ ಬೆಳ್ಳಗೆ. ಬಿಳಿ ಭಾಗ ಎಷ್ಟಿದೆ ಎಂಬುದೇ ಸಾಂದ್ರತೆ, ಅದಕ್ಕೆ ಎಯಿಂದ ಡಿವರೆಗೆ ಏರುವ ದರ್ಜೆಗಳು. "ಬಿಳಿ ಮಲ್ ಬಟ್ಟೆ ಮೇಲೆ ಬಿಳಿ ದಾರ ಬಿದ್ದರೆ ನಿನಗೆ ಕಾಣುತ್ತಾ ದೊಡ್ಡಮ್ಮ? ಸಿ, ಡಿ ಅಂದರೆ ಅಷ್ಟೇ." ಸಾಂದ್ರತೆ ಹೆಚ್ಚಿದ್ದವರಿಗೆ ಕ್ಯಾನ್ಸರ್ ಬರುವ ಸಂಭವವೂ ಒಂದಿಷ್ಟು ಹೆಚ್ಚು. ಮುಟ್ಟಿ ನೋಡಿ ಸಾಂದ್ರತೆ ಎಷ್ಟೆಂದು ಹೇಳಲು ಬರುವುದಿಲ್ಲ. ನೋಡಬೇಕಾದದ್ದು ಫಿಲಂನಲ್ಲೇ, ಅದೂ ಓದುವ ಡಾಕ್ಟರ ಕಣ್ಣಿನಲ್ಲಿ.

ಆ ಕಣ್ಣುಗಳ ಬಗ್ಗೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದು 2016ರಲ್ಲಿ ಪ್ರಕಟವಾಯಿತು. 83 ರೇಡಿಯಾಲಜಿಸ್ಟರು ಓದಿದ ರಿಪೋರ್ಟುಗಳನ್ನು ತೆಗೆದು ನೋಡಿದರೆ, ಒಬ್ಬರು ನೂರರಲ್ಲಿ 6 ಫಿಲಂಗಳನ್ನಷ್ಟೇ 'ದಟ್ಟ', ಅಂದರೆ ಸಿ ಇಲ್ಲವೇ ಡಿ, ಎಂದಿದ್ದರು, ಇನ್ನೊಬ್ಬರು 84ಕ್ಕೂ ಹೆಚ್ಚನ್ನು. ಒಂದಾದ ಮೇಲೊಂದು ಮ್ಯಾಮೊಗ್ರಾಂ ಮಾಡಿಸಿ, ಎರಡನ್ನೂ ಬೇರೆ ಬೇರೆ ಡಾಕ್ಟರು ಓದಿದ್ದ ಹೆಂಗಸರಲ್ಲಿ ಶೇಕಡ 17ರಷ್ಟು ಮಂದಿ ದಟ್ಟದಿಂದ ಅಲ್ಲಕ್ಕೋ ಅಲ್ಲದಿಂದ ದಟ್ಟಕ್ಕೋ ಬದಲಾಗಿದ್ದರು. ನಾನೂ ಅವರಂಥವಳೇ. ಎ ಮತ್ತು ಡಿ ಎರಡು ತುದಿಗಳು, ಅಲ್ಲಿ ಜಗಳ ಕಡಿಮೆ. ಹೆಚ್ಚು ಹೆಂಗಸರಿರುವುದು ನಡುವಿನ ಬಿ, ಸಿಗಳಲ್ಲಿ. ಗೆರೆ ಹಾದುಹೋಗುವುದೂ ಅಲ್ಲೇ.

ಆ ಗೆರೆಯೂ ಒಂದೇ ಕಡೆ ನಿಂತಿಲ್ಲ. ದರ್ಜೆ ಮಾಡಿದ ಅಮೆರಿಕದ ರೇಡಿಯಾಲಜಿ ಸಂಸ್ಥೆ 2003ರಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಬಿಳಿ ಭಾಗದ ಲೆಕ್ಕ ಕೊಟ್ಟಿತ್ತು. 2013ರಲ್ಲಿ ಆ ಲೆಕ್ಕವನ್ನೇ ಕೈಬಿಟ್ಟಿತು. ಒಟ್ಟು ಬಿಳಿ ಕಡಿಮೆಯಿದ್ದರೂ ಒಂದು ಕಡೆ ಗಡ್ಡೆಯನ್ನು ಮರೆಸುವಷ್ಟು ದಟ್ಟವಾಗಿದ್ದರೆ 'ಸಿ' ಎನ್ನಿ ಎಂದಿತು. ಅದೇ ಫಿಲಂ, ಅದೇ ಮೈ, ನಿಯಮದ ಪುಸ್ತಕ ಬದಲಾಗಿ ದರ್ಜೆ ಬದಲು! ಇದನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ. ಮರೆಯಾಗುವ ಗಡ್ಡೆಯ ಮೇಲೆ ಗಮನವಿಟ್ಟು ಮಾಡಿದ ಬದಲಾವಣೆ ಅದು.

ಏಕಾದಶಿಯ ಸಂಜೆ ರಾಯರ ಮಠದ ಪ್ರವಚನಕ್ಕೆ ಹೋಗುವ ರೂಢಿ ನನಗೆ. ಮಧ್ವ ಪರಂಪರೆಯ ಜಯತೀರ್ಥರು ಸರಿಯಾದ ಜ್ಞಾನದ ಬಗ್ಗೆ ಬರೆದ 'ಪ್ರಮಾಣಪದ್ಧತಿ'ಯನ್ನು ಆಚಾರ್ಯರು ಹೇಳುತ್ತಿದ್ದರು. ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಸ್ತು ಸಿಕ್ಕಿದರೆ ಮಾತ್ರ ಪ್ರತ್ಯಕ್ಷ. ಕಾಮಾಲೆ ಕಣ್ಣಿಗೆ ಬಿಳಿ ಶಂಖ ಹಳದಿ. ಮುಸ್ಸಂಜೆಯಲ್ಲಿ ಕಂಬವೋ ಮನುಷ್ಯನೋ ತಿಳಿಯದು. ನಾನು ಕಂಬಕ್ಕೊರಗಿ ಕೂತು ನನ್ನ ಎರಡು ಕಾಗದಗಳನ್ನು ನೆನೆದೆ. ಇಲ್ಲಿ ಯಾರ ಕಣ್ಣಿಗೂ ಕಾಮಾಲೆಯಿಲ್ಲ. ಇಬ್ಬರು ಡಾಕ್ಟರೂ ಕಂಡದ್ದನ್ನೇ ಬರೆದಿದ್ದಾರೆ. ಆದರೆ ಪ್ಲೇಟು ಎಷ್ಟು ಒತ್ತಿತು, ನಾನು ಹೇಗೆ ನಿಂತಿದ್ದೆ, ಮಷೀನು ಯಾವುದು, ಇವೆಲ್ಲ ವಸ್ತುವಿಗೂ ಕಣ್ಣಿಗೂ ನಡುವೆ ಸೇರಿಕೊಳ್ಳುತ್ತವೆ. ಈ ವರ್ಷ ನನ್ನ ಮುಟ್ಟೂ ನಿಂತಿದೆ. ಮುಟ್ಟು ನಿಂತ ಮೇಲೆ ಸಾಂದ್ರತೆ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾದರೆ ಎರಡೂ ಸರಿ ಇರಬಹುದು.

ಮಧ್ವಾಚಾರ್ಯರ ಮತದಲ್ಲಿ ಜ್ಞಾನ ನಿಜವೆಂದು ಕೊನೆಗೆ ಒಪ್ಪುವುದು ಒಳಗಿನ ಸಾಕ್ಷಿ. ಸುಖ, ದುಃಖ ನೇರವಾಗಿ ಅದಕ್ಕೆ ಗೊತ್ತು, ಅಲ್ಲಿ ತಪ್ಪಿಲ್ಲ. ನನ್ನನ್ನು ಬಹಳ ದಿನ ಕಾಡಿದ್ದು ಇದೇ. ಅಕ್ಕನನ್ನು ನೆನೆದರೆ ಆಗುವ ಸಂಕಟಕ್ಕೆ ನನ್ನ ಸಾಕ್ಷಿ ಸಾಕು, ಯಾರ ರಿಪೋರ್ಟೂ ಬೇಡ. ಆದರೆ ಈ ಎದೆ ನನ್ನದೇ, ಇದರೊಳಗೆ ಏನಿದೆ ಎಂದು ಸಾಕ್ಷಿ ಹೇಳಲಾರದು. ಇಷ್ಟು ಹತ್ತಿರದ್ದನ್ನು ತಿಳಿಯಲು ಪರರ ಕಣ್ಣು ಬೇಕು. ಪರರ ಕಣ್ಣು ತಂದುಕೊಟ್ಟದ್ದರಲ್ಲಿ ಸಂಶಯವಿದೆ ಎಂಬುದನ್ನು ಮಾತ್ರ ನನ್ನ ಸಾಕ್ಷಿ ಖಚಿತವಾಗಿ ಬಲ್ಲದು. ಸಂಶಯ ಇಟ್ಟುಕೊಂಡೇ ಮುಂದಿನ ಪರೀಕ್ಷೆಗೆ ಹೋಗುವುದು ಅಶ್ರದ್ಧೆಯಲ್ಲ ಎಂದು ಅಂದು ನನಗೆ ಅನ್ನಿಸಿತು. 'ಬಿ' ಎಂದು ನೆಮ್ಮದಿಯಾಗಿ ಮಲಗಿದ್ದರೆ ಅದೇ ಅಶ್ರದ್ಧೆ.

"ಈಗ ಕಂಪ್ಯೂಟರೇ ಸಾಂದ್ರತೆ ಅಳೆಯುತ್ತೆ, ಒಂದೇ ಫಿಲಂ ಹತ್ತು ಸಲ ಕೊಟ್ಟರೂ ಹತ್ತು ಸಲವೂ ಒಂದೇ ಉತ್ತರ" ಎಂದಳು ತಂಗಿಯ ಮಗಳು. ಒಳ್ಳೆಯದೇ. ಆದರೆ ನನ್ನ ಬಟ್ಟೆಯ ಟೇಪು ಒಮ್ಮೆ ಹಿಗ್ಗಿತ್ತು. ಹತ್ತು ಸಲ ಅಳೆದರೂ ಒಂದೇ ಉತ್ತರ ಕೊಡುತ್ತಿತ್ತು, ಹತ್ತು ಸಲವೂ ಅರ್ಧ ಇಂಚು ತಪ್ಪು. ಅಂದಿನಿಂದ ಆಯುಧಪೂಜೆಯ ಬೆಳಿಗ್ಗೆ ಟೇಪಿಗೆ ಕುಂಕುಮ ಇಡುವ ಮೊದಲು ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು ನೋಡುತ್ತೇನೆ. ಹಾಗೆ ನೋಡುವುದೂ ಪೂಜೆಯ ಭಾಗವೆಂದೇ ನನ್ನ ನಂಬಿಕೆ.

ಕೊನೆಗೆ ಎರಡು ವರ್ಷದ ಫಿಲಂಗಳನ್ನೂ ಒಬ್ಬರೇ ಡಾಕ್ಟರ ಬಳಿ ಒಯ್ದೆ. ಬೆಳಕಿನ ಬೋರ್ಡಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. "ಸ್ವಲ್ಪ ಇಳಿದಿದೆ ಅಮ್ಮ, ಆದರೆ ನೀವು ಗೆರೆಯ ಮೇಲಿದ್ದೀರಿ. ನಾನು ಸಿ ಅಂತಲೇ ಹಿಡಿಯುತ್ತೇನೆ, ನಿಮ್ಮಕ್ಕನ ವಿಷಯವೂ ಇದೆಯಲ್ಲ" ಎಂದು ಅಲ್ಟ್ರಾಸೌಂಡ್ ಬರೆದುಕೊಟ್ಟರು. ಗೆರೆಯ ಮೇಲಿದ್ದೀರಿ ಎಂಬ ಆ ಒಂದು ಮಾತನ್ನು ಎರಡೂ ಕಾಗದದಲ್ಲಿ ಯಾರೂ ಬರೆದಿರಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಅಲ್ಟ್ರಾಸೌಂಡಿನಲ್ಲಿ ಏನೂ ಇರಲಿಲ್ಲ. ಫಿಲಂಗಳನ್ನು ಮಡಿಸಬೇಡ ಎಂದು ತಂಗಿಯ ಮಗಳು ಹೇಳಿದ್ದಾಳೆ, ಮುಂದಿನ ವರ್ಷ ಓದುವವರಿಗೆ ಬೇಕು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದೇನೆ.