ಹಳೆಯ ಜೀಪಿನಲ್ಲಿ ಏನು ಉಳಿಯಬೇಕು?



*ಇಂದಿನ ಚಿಂತನೆ*



ಹಳೆಯ ಜೀಪನ್ನು ಮನೆಯಂಗಳದಲ್ಲೇ ಬಿಚ್ಚಿ, ತುಕ್ಕು ತೆಗೆದು, ಮತ್ತೆ ಓಡುವಂತೆ ಮಾಡುವ ಹವ್ಯಾಸಿಗಳು ನಮ್ಮ ಊರುಗಳಲ್ಲೂ ಇದ್ದಾರೆ. ಅಂಥ ಇಬ್ಬರು ಒಂದೆಡೆ ಕೂತರೆ ಒಂದು ವಾದ ಎದ್ದೇ ಏಳುತ್ತದೆ. ಒಬ್ಬರು ಹೇಳುತ್ತಾರೆ: "ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇರಬೇಕು. ಬದಲಿಸಿದರೆ ಅದು ಅಸಲಿ ಅಲ್ಲ." ಇನ್ನೊಬ್ಬರು ಹೇಳುತ್ತಾರೆ: "ಆ ಕಾಲದ ಬ್ರೇಕ್ ನಂಬಿ ಈಗ ಘಾಟಿ ಇಳಿಯಲು ಆಗುತ್ತದೆಯೇ? ಕಾಲಕ್ಕೆ ತಕ್ಕ ಭಾಗ ಹಾಕಲೇಬೇಕು."

ಜೀಪಿನ ಬಗ್ಗೆ ಆಸಕ್ತಿ ಇಲ್ಲದವರೂ ಈ ವಾದವನ್ನು ಸ್ವಲ್ಪ ಕೇಳಿಸಿಕೊಳ್ಳಬೇಕು. ಹಿಂದಿನವರಿಂದ ನಮ್ಮ ಕೈಗೆ ಬಂದದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು, ಅದನ್ನು ಯಾವ ಅಳತೆಗೋಲಿನಿಂದ ತೀರ್ಮಾನಿಸಬೇಕು ಎಂಬ ಪ್ರಶ್ನೆ ಅದರಲ್ಲಿದೆ.

*ಅಸಲಿ ಯಾವುದು?*

ಜೀಪಿನ ಹುಟ್ಟನ್ನೇ ನೋಡೋಣ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ವಾಹನ ಬೇಕೆಂದು ಕೇಳಿದಾಗ ಮೊದಲ ಮಾದರಿಯನ್ನು ಕಟ್ಟಿಕೊಟ್ಟದ್ದು ಬಾಂಟಮ್ ಎಂಬ ಸಣ್ಣ ಕಂಪನಿ. ಸೈನ್ಯ ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು. 1941ರಿಂದ 1945ರವರೆಗೆ ಆ ಎರಡು ಕಂಪನಿಗಳೇ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಎಂಜಿನ್ ವಿಲ್ಲಿಸ್‌ನದು. ಇವತ್ತು ಜೀಪಿನ ಮುಖವೆಂದು ನಾವು ಗುರುತಿಸುವ, ತಗಡಿನಲ್ಲಿ ಅಚ್ಚೊತ್ತಿದ ಸೀಳುಗಳ ಗ್ರಿಲ್ ಫೋರ್ಡ್‌ನವರದು.

ಫೋರ್ಡ್ ಕಂಪನಿ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೂ, 'ಎಫ್' ಅಕ್ಷರ ಒತ್ತುತ್ತಿತ್ತು. ಚಾಸಿಯ ಮುಂದಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡು ಕೊಳವೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯಂಥ ಪಟ್ಟಿ. ಇವತ್ತಿನ ಸಂಗ್ರಾಹಕರು ಈ ಗುರುತುಗಳನ್ನು ಹಿಡಿದು, 'ಎಫ್' ಬೋಲ್ಟ್ ಹುಡುಕಿಕೊಂಡು ಹೋಗಿ ಹೆಚ್ಚು ಬೆಲೆ ಕೊಟ್ಟು ತರುತ್ತಾರೆ. ಆದರೆ ಸೈನ್ಯ ಬಯಸಿದ್ದು ಇದರ ತಿರುವುಮುರುವು. ಒಂದು ಕಂಪನಿಯ ಭಾಗ ಇನ್ನೊಂದರ ಜೀಪಿಗೆ ಕೂರಬೇಕು ಎಂಬುದೇ ಅದರ ಷರತ್ತು. ಸೈನ್ಯದ ವರ್ಕ್‌ಶಾಪುಗಳಲ್ಲಿ ಕೆಟ್ಟ ಜೀಪಿನ ಒಳ್ಳೆಯ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಬೋಲ್ಟಿನ ತಲೆಯ ಅಕ್ಷರ ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಯುದ್ಧ ಮುಗಿಸಿ ಬಂದ ಜೀಪುಗಳಲ್ಲಿ ಬಹಳಷ್ಟು ಬೆರಕೆ.

ಶುದ್ಧ ರಕ್ತ, ಶುದ್ಧ ಕುಲ ಎಂಬ ಮಾತಿಗೆ ಆಧಾರವಿಲ್ಲವೆಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಾದಿಸಿದ್ದನ್ನು ಓದಿದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕಬ್ಬಿಣದ ವಿಷಯದಲ್ಲೂ ಶುದ್ಧತೆ ಆಮೇಲೆ ಕಟ್ಟಿದ ಕಥೆಯೇ.

ಇನ್ನೊಂದು ತೊಡಕಿದೆ. ಹಿಂದಿನ ಸ್ಥಿತಿಗೆ ತರುತ್ತೇವೆ ಎಂದರೆ ಯಾವ ದಿನದ ಸ್ಥಿತಿಗೆ? ಸ್ವಾತಂತ್ರ್ಯದ ನಂತರ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ನಮ್ಮಲ್ಲೇ ಜೋಡಿಸತೊಡಗಿತು. ಮುಂದೆ ಬಂದ ಸಿಜೆ-3ಬಿ ಮಾದರಿಯಲ್ಲಿ ಎಂಜಿನ್ ಎತ್ತರವಾಯಿತು, ಅದಕ್ಕಾಗಿ ಬಾನೆಟ್ಟೂ ಎತ್ತರವಾಯಿತು. ಮಲೆನಾಡಿನ ತೋಟದ ದಾರಿಗಳಲ್ಲಿ ಓಡಿದ ಎಷ್ಟೋ ಜೀಪುಗಳಿಗೆ ಮಾಲೀಕರು ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದರು. ಕಾರ್ಖಾನೆ ಬಿಟ್ಟ ದಿನ ಒಂದು ಸ್ಥಿತಿ, ಮೂವತ್ತು ವರ್ಷ ಸೌದೆ, ಕಾಫಿ ಮೂಟೆ ಹೊತ್ತ ಕಾಲದ್ದು ಇನ್ನೊಂದು ಸ್ಥಿತಿ. ಎರಡೂ ನಿಜವೇ. ಒಂದನ್ನು ಆರಿಸಿ ಅದಕ್ಕೆ 'ಅಸಲಿ' ಎಂದು ಹೆಸರಿಡುವವರು ನಾವು.

ಆ ಹಿಂದಿನ ಕಾಲವೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹಳ್ಳಿಯಲ್ಲಿ ಬಹುಕಾಲ ಜೀಪ್ ಎಂದರೆ ಸರ್ಕಾರ, ಇಲ್ಲವೇ ಜಮೀನ್ದಾರ. ಲಸಿಕೆ ಹಾಕುವವರೂ ಮತಪೆಟ್ಟಿಗೆಯೂ ಅದರಲ್ಲೇ ಬಂದದ್ದು, ಪೊಲೀಸರೂ ಅದರಲ್ಲೇ ಬಂದದ್ದು. ಆ ಸದ್ದು ಕೇಳಿ ಒಬ್ಬ ಹುಡುಗ ಖುಷಿಯಿಂದ ಹಿಂದೆ ಓಡಿದರೆ, ಕೇರಿಯ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ರಸ್ತೆಯ ಬದಿಗೆ ಸರಿದರು. "ಆ ಕಾಲ ಎಷ್ಟು ಚೆಂದ" ಎನ್ನುವವರು, ಯಾರಿಗೆ ಚೆಂದವಾಗಿತ್ತು ಎಂದೂ ಕೇಳಿಕೊಳ್ಳಬೇಕು.

*ರಥದ ಪ್ರಶ್ನೆ*

ಹಾಗಾದರೆ ಬೇಕಾದ್ದನ್ನೆಲ್ಲ ಬದಲಿಸಬಹುದೇ? ಎಲ್ಲ ಬದಲಾದ ಮೇಲೆ ಅದು ಅದೇ ಜೀಪೇ? ಈ ಪ್ರಶ್ನೆ ನಮ್ಮ ಪರಂಪರೆಯಲ್ಲಿ ಬಹಳ ಹಳೆಯದು. 'ಮಿಲಿಂದ ಪನ್ಹ'ದಲ್ಲಿ ಭಿಕ್ಷು ನಾಗಸೇನರು ರಾಜ ಮಿಲಿಂದನನ್ನು ಕೇಳುತ್ತಾರೆ: ನೀನು ಬಂದ ರಥ ಯಾವುದು? ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವ ಭಾಗವೂ ರಥವಲ್ಲ, ಭಾಗಗಳ ಹೊರಗೂ ರಥವಿಲ್ಲ. ಭಾಗಗಳು ಒಂದು ರೀತಿಯಲ್ಲಿ ಕೂಡಿದಾಗ ಬಳಕೆಗೆಂದು ಇಟ್ಟ ಹೆಸರು 'ರಥ'. ಈ ಹೋಲಿಕೆ ನಾಗಸೇನರದೇ ಅಲ್ಲ ಎಂಬುದನ್ನು ನೆನಪಿಡೋಣ. ಅವರಿಗಿಂತ ಮೊದಲೇ ಸಂಯುತ್ತ ನಿಕಾಯದಲ್ಲಿ ವಜಿರಾ ಎಂಬ ಭಿಕ್ಖುನಿ ಇದನ್ನು ಹೇಳಿದ್ದಾರೆ. ನಾಗಸೇನರು ಆಕೆಯ ಮಾತನ್ನೇ ಎತ್ತಿ ಹೇಳುತ್ತಾರೆ.

ಮನೆಯಂಗಳದಲ್ಲಿ ಜೀಪ್ ಬಿಚ್ಚಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಟಾರ್ಪಾಲಿನ ಮೇಲೆ ಗೇರ್‌ಬಾಕ್ಸ್, ಒಂದು ಕಡೆ ಆಕ್ಸಲ್, ಡಬ್ಬಗಳಲ್ಲಿ ನಟ್ಟು ಬೋಲ್ಟು. ಎಲ್ಲವೂ ಅಲ್ಲಿದೆ, ಜೀಪ್ ಮಾತ್ರ ಇಲ್ಲ. ತಿಂಗಳುಗಳ ನಂತರ ಅವೇ ಭಾಗಗಳು ಕ್ರಮವಾಗಿ ಕೂಡಿದಾಗ ಜೀಪ್ ಮತ್ತೆ ಇದೆ.

ಅನಿತ್ಯ ಎಂದರೆ ಎಲ್ಲ ಹಾಳಾಗುತ್ತದೆ ಎಂಬ ದುಃಖದ ಮಾತಷ್ಟೇ ಎಂದು ಹಲವರು ತಿಳಿಯುತ್ತಾರೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅದನ್ನು ಬೇರೆ ಕಡೆಯಿಂದ ತೋರಿಸುತ್ತಾರೆ: ವಸ್ತುಗಳು ಬದಲಾಗದೆ ಇದ್ದಿದ್ದರೆ ಬೆಳವಣಿಗೆಯೇ ಸಾಧ್ಯವಾಗುತ್ತಿರಲಿಲ್ಲ. ತುಕ್ಕು ಹಿಡಿಯುವುದೂ ಅನಿತ್ಯದಿಂದ, ತುಕ್ಕು ತೆಗೆಯಲು ಆಗುವುದೂ ಅನಿತ್ಯದಿಂದ.

ಜೀಪ್ ಬದಲಾಗದಿದ್ದರೂ ಸುತ್ತಲಿನ ಲೋಕ ಬದಲಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಫ್ಯೂಯಲ್ ಪಂಪಿನ ಒಳಪೊರೆ ಅದಕ್ಕೆ ತಡೆಯುವುದಿಲ್ಲ. ಗಟ್ಟಿಯಾಗಿ ಬಿರಿಯುತ್ತವೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುತ್ತದೆ. 'ಅಸಲಿ' ಪೈಪನ್ನು ಹಾಗೇ ಬಿಡುತ್ತೇನೆ ಎಂದು ಹಟ ಹಿಡಿದವರು ಪರಂಪರೆಯ ಜೊತೆಗೆ ಬೆಂಕಿಯನ್ನೂ ಇಟ್ಟುಕೊಂಡಂತೆ.

*ಪುಟ್ಟಿಯ ಕೆಳಗಿನ ತುಕ್ಕು*

ತುಕ್ಕು ಹೆಚ್ಚಾಗಿ ಕಾಣದ ಕಡೆ ಹಿಡಿಯುತ್ತದೆ. ಯುದ್ಧಕಾಲದ ಜೀಪುಗಳಲ್ಲಿ ನೆಲದ ತಗಡಿಗೆ ಬಲ ಕೊಡಲು ಕೆಳಗೆ ಕಬ್ಬಿಣದ ದೋಣಿಪಟ್ಟಿ ಬೆಸೆದು ಅದರೊಳಗೆ ಮರ ತುಂಬಿಸಿದ್ದರು. ಮರ ನೀರು ಹೀರಿತು, ಒಣಗಲಿಲ್ಲ. ಮೇಲೆ ನೋಡಿದರೆ ಬಣ್ಣ ಚೆನ್ನಾಗಿದೆ, ಒಳಗಿನಿಂದ ತಗಡು ತಿಂದುಹೋಗಿದೆ.

ಇಂಥ ತೂತಿಗೆ ಎರಡು ಉಪಾಯ. ಒಂದು, ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆಯುವುದು. ಎರಡು ದಿನದ ಕೆಲಸ, ಫೋಟೊಗೆ ಚೆಂದ. ಇನ್ನೊಂದು, ಗಟ್ಟಿ ಲೋಹ ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಹಚ್ಚುವುದು. ತುಕ್ಕಿನ ಮೇಲೆ ಹಚ್ಚಿದ ಪುಟ್ಟಿ ಒಂದೆರಡು ಮಳೆಗಾಲದಲ್ಲಿ ಉಬ್ಬುತ್ತದೆ. ನಮ್ಮ ಮನೆಗಳಲ್ಲಿ, ಸಂಘಟನೆಗಳಲ್ಲಿ ಹಳೆಯ ಮನಸ್ತಾಪಗಳ ಮೇಲೆ ನಾವು ಹಚ್ಚುವುದು ಯಾವುದು ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬಹುದು.

*ನಡೆದು ಹೋಗುವವರ ಅಳತೆ*

ಈಗ ಆ ಇಬ್ಬರ ವಾದಕ್ಕೆ ಮರಳೋಣ. ಇಬ್ಬರೂ ಜೀಪನ್ನೇ ನೋಡುತ್ತಿದ್ದಾರೆ. ಅಳತೆಗೋಲು ಇರುವುದು ಜೀಪಿನ ಹೊರಗೆ: ಅದೇ ರಸ್ತೆಯಲ್ಲಿ ನಡೆದು ಹೋಗುವವರಲ್ಲಿ.

ಹಳೆಯ ಜೀಪಿನ ಬ್ರೇಕ್ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದಾರಿಯಲ್ಲಿ ಎಣ್ಣೆ ಹೋಗುತ್ತದೆ. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಯಿತು. ಎರಡು ಪ್ರತ್ಯೇಕ ದಾರಿಗಳ ಮಾಸ್ಟರ್ ಸಿಲಿಂಡರ್ ಹಾಕಿದರೆ ಒಂದು ಕೆಟ್ಟರೂ ಇನ್ನೊಂದು ನಿಲ್ಲಿಸುತ್ತದೆ. ಯುದ್ಧಕಾಲದ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟ್, ದೀಪ ಮಂಕು. 12 ವೋಲ್ಟಿಗೆ ಬದಲಿಸಿದರೆ ಕತ್ತಲಲ್ಲಿ ಕೂಲಿ ಮುಗಿಸಿ ರಸ್ತೆಯಂಚಿನಲ್ಲಿ ಬರುವ ಹೆಂಗಸು ಚಾಲಕನ ಕಣ್ಣಿಗೆ ಬೀಳುತ್ತಾಳೆ. ಇಲ್ಲಿ 'ಅಸಲಿತನ'ದ ಬೆಲೆಯನ್ನು ಮಾಲೀಕ ಕೊಡುವುದಿಲ್ಲ, ಆಕೆ ಕೊಡುತ್ತಾಳೆ. ಇನ್ನೊಬ್ಬರ ಜೀವದ ಮೇಲೆ ನಮ್ಮ ಅಭಿರುಚಿಯ ಖರ್ಚು ಹಾಕುವುದು ಶೀಲಕ್ಕೆ ಒಪ್ಪುವ ಮಾತಲ್ಲ.

ಇದೇ ಅಳತೆ ಇನ್ನೊಂದು ಪಕ್ಷಕ್ಕೂ. ಅಪ್‌ಗ್ರೇಡ್ ಹೆಸರಿನಲ್ಲಿ ಮೈ ಹೊರಗೆ ಚಾಚುವ ದೊಡ್ಡ ಟೈರು, ಎದುರು ಬರುವವರ ಕಣ್ಣು ಕುರುಡಾಗಿಸುವ ದೀಪಗಳ ಸಾಲು, ಕಿವಿ ಒಡೆಯುವ ಸೈಲೆನ್ಸರ್ ಹಾಕುವುದು ಯಾರ ಕ್ಷೇಮಕ್ಕೆ? ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿ ಹಳೆಯ ಬ್ರೇಕನ್ನೇ ಬಿಟ್ಟರೆ ಅದು ಸುಧಾರಣೆ ಹೇಗಾದೀತು?

ಉಳಿಸಬೇಕೆನ್ನುವವರ ಮಾತಿನಲ್ಲೂ ತಿರುಳಿದೆ. ಯುದ್ಧಕಾಲದ ಜೀಪಿನ ಮುಂದೀಪಗಳನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಬೀಳುತ್ತಿತ್ತು, ರಾತ್ರಿ ರಿಪೇರಿಗೆ ಅನುಕೂಲ. ಅಂಥ ಜಾಣ್ಮೆಯನ್ನು ಕಿತ್ತು ಗುಜರಿಗೆ ಹಾಕಿದರೆ ನಮಗೊಂದು ಪಾಠವೇ ಹೋದಂತೆ. ಆದ್ದರಿಂದ ಚಾಸಿಯನ್ನು ಕತ್ತರಿಸದೆ ಹೊಸದನ್ನು ಕೂರಿಸಬೇಕು, ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಎತ್ತಿಡಬೇಕು. ಮುಂದೆ ಬರುವವರು ಬೇಕಾದರೆ ನಮ್ಮ ತೀರ್ಮಾನವನ್ನು ಬದಲಿಸಲಿ.

*ಮಸಿ ಮೆತ್ತಿದ ಕೈ*

ಮನೆಯಲ್ಲಿ ಜೀಪ್ ಕಟ್ಟುವವರ ಕೈಗೆ ಗ್ರೀಸ್ ಮೆತ್ತಿದರೆ ಜನ "ಎಂಥ ಆಸಕ್ತಿ!" ಎಂದು ಮೆಚ್ಚುತ್ತಾರೆ. ಗ್ಯಾರೇಜಿನ ಹುಡುಗನ ಕೈಗೆ ಅದೇ ಗ್ರೀಸ್ ಮೆತ್ತಿದ್ದರೆ ನೀರಿನ ಲೋಟವನ್ನು ದೂರದಿಂದ ಕೊಡುತ್ತಾರೆ. ವಿಂಟೇಜ್ ವಾಹನಗಳ ಮೆರವಣಿಗೆಯಲ್ಲಿ ಫಲಕದ ಮೇಲೆ ಮಾಲೀಕನ ಹೆಸರಿರುತ್ತದೆ. ತಗಡು ಬಡಿದ ಟಿಂಕರ್, ವೈರ್ ಎಳೆದ ಎಲೆಕ್ಟ್ರಿಷಿಯನ್, ಲೇತಿನಲ್ಲಿ ಪಿನ್ ತಿರುವಿದವರ ಹೆಸರು ಇರುವುದಿಲ್ಲ. ಜಾತಿ ಎಂಬುದು ಕೆಲಸದ ವಿಂಗಡಣೆಯಷ್ಟೇ ಅಲ್ಲ, ಕೆಲಸಗಾರರದೇ ವಿಂಗಡಣೆ ಎಂದು ಬಾಬಾಸಾಹೇಬರು ತೋರಿಸಿದ್ದು ಇದನ್ನೇ.

ಹೆಸರಿನ ಜೊತೆ ಅವರ ಶ್ವಾಸಕೋಶದ ಮಾತೂ ಇದೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಒಳಗೆ ಹೋದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ಆಗಿ ಕಾಡಬಹುದು. ಡ್ರಮ್ ಬಿಚ್ಚಿ ಗಾಳಿಯಿಂದ ಊದಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು, ತಕ್ಕ ಮಾಸ್ಕ್ ಇರಬೇಕು. ಬೋಲ್ಟಿನ ಅಕ್ಷರಕ್ಕೆ ಸಾವಿರಗಟ್ಟಲೆ ಕೊಡುವವರು ಕೆಲಸದ ಹುಡುಗನ ಮಾಸ್ಕಿಗೆ ಲೆಕ್ಕ ಹಾಕಿದರೆ ಅವರ ಪ್ರೀತಿ ಬರೀ ಕಬ್ಬಿಣದ ಮೇಲಿನದು.

*ಬದಲಿಸಿದ್ದನ್ನು ಹೇಳುವುದು*

ಕೊನೆಯದು ಸತ್ಯದ ಮಾತು. ನಮ್ಮ ಕಾನೂನಿನಲ್ಲಿ ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂತೆ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಅಂದರೆ ನೋಡಲು ಉಳಿಸುವುದು ಒಂದು ದಾರಿ, ಒಪ್ಪಿಗೆ ಪಡೆದು ಬದಲಿಸಿ ಓಡಿಸುವುದು ಇನ್ನೊಂದು. ಎರಡೂ ತಪ್ಪಲ್ಲ. ಡೀಸೆಲ್ ಎಂಜಿನ್ ಕೂರಿಸಿ ಅಸಲಿ ಎಂದು ಮಾರುವುದು, ಇನ್ನೊಂದು ಜೀಪಿನ ಚಾಸಿ ನಂಬರ್ ತಂದು ಒತ್ತುವುದು ತಪ್ಪು. ಬದಲಾವಣೆಯಲ್ಲಿ ಪಾಪವಿಲ್ಲ, ಬಚ್ಚಿಡುವುದರಲ್ಲಿದೆ.

ಎಂಬತ್ತರ ವಯಸ್ಸಿನಲ್ಲಿ ಭಗವಾನರು ತಮ್ಮ ದೇಹವನ್ನು ಪಟ್ಟಿ ಬಿಗಿದು ಓಡಿಸುತ್ತಿರುವ ಹಳೆಯ ಬಂಡಿಗೆ ಹೋಲಿಸಿದರು ಎಂದು ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ಆ ಬಂಡಿಯಲ್ಲೇ ಅವರು ಊರಿಂದ ಊರಿಗೆ ಹೋಗಿ ಜನರಿಗೆ ಹೇಳಬೇಕಾದ್ದನ್ನು ಹೇಳಿದರು. ಬಂಡಿ ಹಳೆಯದಾಗುವುದನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ದಾರಿಯನ್ನೂ ನಿಲ್ಲಿಸಲಿಲ್ಲ.

*ಇಂದಿನ ಅಭ್ಯಾಸ:* ಹಿರಿಯರಿಂದ ಬಂದ ಒಂದು ವಸ್ತುವನ್ನೋ ಪದ್ಧತಿಯನ್ನೋ ಇವತ್ತು ಕೈಗೆತ್ತಿಕೊಂಡು ಮೂರು ಪ್ರಶ್ನೆ ಕೇಳೋಣ. ಇದನ್ನು ಹೀಗೇ ಇಟ್ಟರೆ ಯಾರಿಗೆ ನೋವು? ಬದಲಿಸಿದರೆ ಯಾರಿಗೆ ಹಿತ? ಬದಲಿಸಿದ್ದನ್ನು ನಾನು ನಾಲ್ಕು ಜನರ ಮುಂದೆ ಹೇಳಬಲ್ಲೆನೇ? ಉತ್ತರಗಳನ್ನು ಭಾನುವಾರದ ವಂದನೆಯ ನಂತರ ಹಂಚಿಕೊಳ್ಳೋಣ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏